ಗುಳ್ಳೆಗೆ ಶಿಕ್ಷೆ, ಸಕ್ಕರೆಗೆ ಸನ್ಮಾನ

ಜಿಎಸ್‌ಟಿ ಮಂಡಳಿಯ ಮಾನ್ಯ ಸದಸ್ಯರಿಗೆ,

2025ರ ಸೆಪ್ಟೆಂಬರ್ 3ರಂದು ನಡೆದ ತಮ್ಮ 56ನೆಯ ಸಭೆ ದೇಶದ ಆರೋಗ್ಯದ ವೈರಿಯನ್ನು ಕೊನೆಗೂ ಪತ್ತೆಹಚ್ಚಿದ್ದಕ್ಕೆ ಮೊದಲು ಅಭಿನಂದನೆ. ಆ ವೈರಿ ಸಕ್ಕರೆ ಎಂದು ವೈದ್ಯರು ಇಷ್ಟು ಕಾಲ ತಪ್ಪು ತಿಳಿದಿದ್ದರು. ತಾವು ಕೂಲಂಕಷವಾಗಿ ವಿಚಾರಿಸಿ, ಅದು ಗುಳ್ಳೆ ಎಂದು ತೀರ್ಪಿತ್ತಿರಿ. ಸೆಪ್ಟೆಂಬರ್ 22ರಿಂದ ಹಣ್ಣಿನ ರಸದ ಪಾನೀಯಕ್ಕೆ ಶೇ 5 ತೆರಿಗೆ. ಅದೇ ಪಾನೀಯಕ್ಕೆ ಒಂದಿಷ್ಟು ಇಂಗಾಲದ ಡೈಆಕ್ಸೈಡ್ ತುಂಬಿದರೆ ಶೇ 40. ಸಕ್ಕರೆ ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಿಹಿಯೂ ರುಚಿಯೂ ಇಲ್ಲದ ಸಾದಾ ಸೋಡಾಕ್ಕೆ ಶೇ 5, ಚೀಲದ ಸಕ್ಕರೆಗೂ ಶೇ 5. ಅಂದರೆ ಗುಳ್ಳೆ ಒಂಟಿಯಾಗಿದ್ದರೆ ನಿರಪರಾಧಿ, ಸಕ್ಕರೆ ಒಂಟಿಯಾಗಿದ್ದರೆ ನಿರಪರಾಧಿ, ಇಬ್ಬರೂ ಒಂದೇ ಬಾಟಲಿಯಲ್ಲಿ ಸಿಕ್ಕಿಬಿದ್ದರೆ ಒಳಸಂಚು. ಹಾಗಾದರೆ ಸಕ್ಕರೆಯೇ ಇಲ್ಲದ ಕೋಲಾದ ತಪ್ಪೇನು ಎಂದು ಕೇಳಬೇಡಿ, ಅದಕ್ಕೂ ಶೇ 40. ಆ ದರದ ಪಂಕ್ತಿಯಲ್ಲಿ ಅದರ ಅಕ್ಕಪಕ್ಕ ಕುಳಿತವರು ವಿಹಾರ ನೌಕೆ, ಖಾಸಗಿ ವಿಮಾನ, ರಿವಾಲ್ವರ್ ಮತ್ತು ಐಪಿಎಲ್ ಟಿಕೆಟ್.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಚಿಕಿತ್ಸೆಯ ಹಿಂದಿರುವುದು ಆರೋಗ್ಯಶಾಸ್ತ್ರವಲ್ಲ, ಲೆಕ್ಕಶಾಸ್ತ್ರ. 2017ರಲ್ಲಿ ಜಿಎಸ್‌ಟಿ ಬಂದಾಗಲೇ ತಂಪು ಪಾನೀಯಕ್ಕೆ ಶೇ 28 ತೆರಿಗೆ, ಅದರ ಮೇಲೆ ಶೇ 12 ಪರಿಹಾರ ಸೆಸ್ ಇತ್ತು. ಸೆಸ್ ತೆಗೆದಾಗ ಎರಡನ್ನೂ ಕೂಡಿಸಿ 40 ಮಾಡಲಾಯಿತು. ಗುಳ್ಳೆ ಸೇರಿದ ಹಣ್ಣಿನ ಪಾನೀಯಕ್ಕೆ ಯಾಕಿಷ್ಟು ದರ ಎಂಬ ಪ್ರಶ್ನೆಗೆ ಸರ್ಕಾರವೇ ಕೊಟ್ಟ ವಿವರಣೆ, ತೆರಿಗೆಯ ಒಟ್ಟು ಹೊರೆಯನ್ನು ಮೊದಲಿದ್ದ ಮಟ್ಟದಲ್ಲೇ ಉಳಿಸುವುದಕ್ಕೆ ಎಂದು. ಇಷ್ಟು ಪ್ರಾಮಾಣಿಕ ಉತ್ತರ ಸರ್ಕಾರಿ ಕಡತಗಳಲ್ಲಿ ಅಪರೂಪ, ಮೆಚ್ಚಬೇಕು. ಆದರೆ ಭಾಷಣಗಳಲ್ಲಿ ಇದಕ್ಕೆ 'ಪಾಪದ ಸರಕು' ಎಂಬ ನೈತಿಕ ಬಣ್ಣ ಬಳಿದುಕೊಂಡು, ಅದೇ ದಿನ ಚಾಕೊಲೇಟು, ಬಿಸ್ಕತ್ತು, ಐಸ್‌ಕ್ರೀಮುಗಳನ್ನು ಶೇ 18ರಿಂದ 5ಕ್ಕೆ ಇಳಿಸಿದರೆ, ಪಾಪದ ವ್ಯಾಖ್ಯಾನ ತುಸು ಗೋಜಲಾಗುತ್ತದೆ.

ತಮಾಷೆ ಸಾಕು. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಇದೆಲ್ಲ ಬಾಟಲಿಯಿಂದಲೇ ಬಂತು ಎನ್ನುವುದು ಮೂರ್ಖತನ. ಅನುವಂಶೀಯತೆ, ಪಾಲಿಶ್ ಅಕ್ಕಿ, ಕುಳಿತಲ್ಲೇ ಮಾಡುವ ಕೆಲಸ, ಎಲ್ಲಕ್ಕೂ ಪಾಲಿದೆ. ಆದರೂ ಸಕ್ಕರೆ ನೀರಿಗೊಂದು ವಿಶೇಷ ದುರ್ಗುಣವಿದೆ: ಅದು ಹೊಟ್ಟೆ ತುಂಬಿಸುವುದಿಲ್ಲ, ಆದ್ದರಿಂದ ಕುಡಿದಷ್ಟು ಊಟ ಕಡಿಮೆಯಾಗುವುದಿಲ್ಲ. ಹೊರಗಿನಿಂದ ಸೇರುವ ಸಕ್ಕರೆ ಒಟ್ಟು ಶಕ್ತಿಯ ಶೇ 10 ಮೀರಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಎರಡನೆಯ ಮಿತಿ ವಯಸ್ಕರಿಗೆ ದಿನಕ್ಕೆ ಸುಮಾರು 25 ಗ್ರಾಂ. 300 ಮಿಲಿಲೀಟರ್ ಕೋಲಾದಲ್ಲಿ 30 ಗ್ರಾಂ ದಾಟುತ್ತದೆ. ಮಾವಿನ ಪಾನೀಯವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಮುಂಬದಿಯಲ್ಲಿ ತೊಟ್ಟಿನ ಸಮೇತ ಹಣ್ಣಿನ ಚಿತ್ರ, ಹಿಂಬದಿಯಲ್ಲಿ ಇರುವೆಗೂ ಕನ್ನಡಕ ಬೇಕಾಗುವ ಅಕ್ಷರದಲ್ಲಿ ಸಕ್ಕರೆಯ ಲೆಕ್ಕ. ಹಣ್ಣಿನ ಪಾನೀಯ ಎನಿಸಿಕೊಳ್ಳಲು ಕಾನೂನು ಕೇಳುವ ರಸ ಶೇ 10, ಲಿಂಬೆಗಾದರೆ ಶೇ 5. ಉಳಿದ ಭಾಗ ಬಹುಪಾಲು ನೀರು ಮತ್ತು ತಾವು ಸನ್ಮಾನಿಸಿದ ಆ ಬಿಳಿ ಪದಾರ್ಥ.

ನನ್ನ ವಾದ ಇಷ್ಟೇ: ತೆರಿಗೆ ಬಿಡಿ ಎನ್ನುತ್ತಿಲ್ಲ, ಸಕ್ಕರೆಯ ಗ್ರಾಂ ನೋಡಿ ಹಾಕಿ. ಬ್ರಿಟನ್ 2016ರಲ್ಲಿ ಘೋಷಿಸಿ 2018ರ ಏಪ್ರಿಲ್‌ನಲ್ಲಿ ಜಾರಿ ಮಾಡಿದ ಸುಂಕ ಹೀಗಿತ್ತು: 100 ಮಿಲಿಲೀಟರಿಗೆ 5 ಗ್ರಾಂಗಿಂತ ಕಡಿಮೆ ಇದ್ದರೆ ಸೊನ್ನೆ, 5ರಿಂದ 8ರೊಳಗೆ ಲೀಟರಿಗೆ 18 ಪೆನ್ಸ್, ಅದಕ್ಕೂ ಮೇಲೆ 24 ಪೆನ್ಸ್. ಘೋಷಣೆಗೂ ಜಾರಿಗೂ ನಡುವಿನ ಎರಡು ವರ್ಷದಲ್ಲಿ ಕಂಪನಿಗಳು ಮಾಡಿದ್ದು ಪ್ರತಿಭಟನೆಗಿಂತ ಹೆಚ್ಚಾಗಿ ಪಾಕ ಬದಲಾವಣೆ. ಸ್ಕಾಟ್ಲೆಂಡಿನ ಮನೆಮಾತಾದ ಐರನ್-ಬ್ರೂ ಪಾನೀಯ 10.3 ಗ್ರಾಂನಿಂದ 4.7ಕ್ಕೆ ಇಳಿಯಿತು, ಅಭಿಮಾನಿಗಳು ಹಳೆಯ ರುಚಿಯ ಬಾಟಲಿಗಳನ್ನು ಮನೆಯಲ್ಲಿ ಪೇರಿಸಿಟ್ಟುಕೊಂಡರು. ಮೊದಲ ವರ್ಷ 52 ಕೋಟಿ ಪೌಂಡ್ ಬರುತ್ತದೆ ಎಂದು ಅಂದಾಜು ಮಾಡಿದ್ದ ಖಜಾನೆ, ಜಾರಿಯ ಹೊತ್ತಿಗೆ ಅದನ್ನು 24 ಕೋಟಿಗೆ ಇಳಿಸಿಕೊಳ್ಳಬೇಕಾಯಿತು. ಒಂದು ವರ್ಷದ ಬಳಿಕ ಲೆಕ್ಕ ಹಾಕಿದಾಗ ಮನೆಗಳು ಕೊಂಡ ತಂಪು ಪಾನೀಯದ ಪ್ರಮಾಣ ಕುಗ್ಗಿರಲಿಲ್ಲ, ಆದರೆ ಅದರೊಳಗಿನ ಸಕ್ಕರೆ ಸುಮಾರು ಶೇ 10 ಕಡಿಮೆಯಾಗಿತ್ತು. ಜನ ಕುಡಿಯುವುದನ್ನು ಬಿಡಲಿಲ್ಲ, ಕಂಪನಿ ಸುರಿಯುವುದನ್ನು ಕಡಿಮೆ ಮಾಡಿತು. ಹಣ ಬಾರದಿದ್ದುದೇ ಆ ತೆರಿಗೆಯ ಗೆಲುವು, ಮತ್ತು ಇದು ತಮಗೆ ಅಷ್ಟು ರುಚಿಸದಿರಬಹುದು ಎಂಬ ಅರಿವು ನನಗಿದೆ. ದಕ್ಷಿಣ ಆಫ್ರಿಕವೂ 2018ರ ಏಪ್ರಿಲ್‌ನಲ್ಲೇ, 100 ಮಿಲಿಲೀಟರಿಗೆ 4 ಗ್ರಾಂ ದಾಟಿದ ಪ್ರತಿ ಗ್ರಾಂಗೂ ಸುಂಕ ಎಂಬ ನಿಯಮ ತಂದಿತು. ನಮ್ಮಲ್ಲಿ ಸಕ್ಕರೆ ಅರ್ಧಕ್ಕಿಳಿಸಿದ ಕೋಲಾ ತಯಾರಕನಿಗೆ ಸಿಗುವ ಬಹುಮಾನ ಏನು? ಅದೇ ಶೇ 40. ಮಾವಿನ ಪಾನೀಯದವನಿಗೆ ದುಪ್ಪಟ್ಟು ಸುರಿದರೂ ಶೇ 5. ಹೀಗಿರುವಾಗ ಪಾಕ ಬದಲಿಸುವ ಯೋಚನೆ ಯಾರಿಗೆ ಬಂದೀತು?

ಬೆಲೆಯ ಮೂಲಕ ಗ್ರಾಹಕನ ಮನಸ್ಸನ್ನೂ ತಿರುಗಿಸಬಹುದು, ನಿಜ. ಮೆಕ್ಸಿಕೊ 2014ರಲ್ಲಿ ಲೀಟರಿಗೆ ಒಂದು ಪೆಸೊ ಹಾಕಿದಾಗ ಖರೀದಿ ಮೊದಲ ವರ್ಷ ಸುಮಾರು ಶೇ 5.5, ಎರಡನೆಯ ವರ್ಷ ಶೇ 9.7 ಇಳಿಯಿತು. ಇದರಿಂದ ಬೊಜ್ಜು ಕರಗಿತೇ ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಹತ್ತು-ಹನ್ನೊಂದು ವರ್ಷದ ಹೆಣ್ಣುಮಕ್ಕಳಲ್ಲಿ ಬೊಜ್ಜು ಸುಮಾರು ಶೇ 8 ಕಡಿಮೆ ಕಂಡಿತು, ಗಂಡುಮಕ್ಕಳಲ್ಲಿ ಏನೂ ಕಾಣಲಿಲ್ಲ. ಪುರಾವೆ ಇಷ್ಟು, ಇದಕ್ಕಿಂತ ಹೆಚ್ಚು ಉಬ್ಬಿಸಿ ಹೇಳಿದರೆ ನಾನೂ ಜಾಹೀರಾತಿನವನೇ.

ಇನ್ನು ಬಹುಮುಖ್ಯ ಆಕ್ಷೇಪ: ನನ್ನ ಲೋಟ, ನನ್ನ ನಾಲಗೆ, ಸರ್ಕಾರಕ್ಕೇನು ಕೆಲಸ? ಕೇಳಲು ಚೆಂದ. ಆದರೆ ಸರ್ಕಾರ ಆ ಲೋಟದೊಳಗೆ ಮೊದಲೇ ಇಳಿದಿದೆ. ಕಬ್ಬಿಗೆ ದರ ನಿಗದಿ ಮಾಡುವುದು ಅದೇ. ಸಕ್ಕರೆ ರಫ್ತಿನ ಬಾಗಿಲು ತೆರೆದು ಮುಚ್ಚುವುದು ಅದೇ. ಅಂತ್ಯೋದಯ ಕುಟುಂಬಗಳ ಸಕ್ಕರೆಗೆ ಕಿಲೋಗೆ ₹18.50 ಸಹಾಯಧನವನ್ನು 2024ರಲ್ಲಿ ಇನ್ನೆರಡು ವರ್ಷ ಮುಂದುವರಿಸಿದ್ದೂ ಅದೇ. ಆ ಒಂದು ಕಿಲೋಗೆ ನನ್ನ ತಕರಾರಿಲ್ಲ, ಬಡವರ ಚಹಾಕ್ಕೆ ಸಿಹಿ ಬೇಡ ಎನ್ನುವಷ್ಟು ಆರೋಗ್ಯವಂತ ನಾನಲ್ಲ. ಹೇಳುವುದಿಷ್ಟೇ: ಎಲ್ಲ ಹಂತದಲ್ಲೂ ಕೈಯಾಡಿಸಿದವರು ಬಾಟಲಿಯ ಮುಚ್ಚಳ ಬಿಗಿಯುವಾಗ ಮಾತ್ರ ವೈಯಕ್ತಿಕ ಸ್ವಾತಂತ್ರ್ಯದ ಭಕ್ತರಾಗುವುದು ತಮಾಷೆ. ಅಲ್ಲದೆ ನಿಷೇಧ ಬೇರೆ, ತೆರಿಗೆ ಬೇರೆ. ನ್ಯೂಯಾರ್ಕಿನ ಮೇಯರ್ ಆಗಿದ್ದ ಬ್ಲೂಮ್‌ಬರ್ಗ್ 2012ರಲ್ಲಿ ಸಕ್ಕರೆ ಪಾನೀಯದ ದೊಡ್ಡ ಲೋಟವನ್ನೇ ನಿಷೇಧಿಸಹೊರಟರು, ನ್ಯಾಯಾಲಯ 2014ರಲ್ಲಿ ಅದನ್ನು ಅಂತಿಮವಾಗಿ ತಳ್ಳಿಹಾಕಿತು. ಗ್ರಾಂ ತೆರಿಗೆ ಯಾರ ಕೈಯಿಂದಲೂ ಲೋಟ ಕಸಿಯುವುದಿಲ್ಲ. ಮತ್ತು ಸ್ವಾತಂತ್ರ್ಯದ ಈ ವಾದ ಊಹಿಸಿಕೊಂಡಿರುವ ಗ್ರಾಹಕ ಲೇಬಲ್ ಓದಿ ತೂಗಿ ನೋಡುವ ವಯಸ್ಕ. ಹತ್ತು ರೂಪಾಯಿಯ ಪೊಟ್ಟಣಕ್ಕೆ ಸ್ಟ್ರಾ ಚುಚ್ಚುತ್ತಿರುವುದು ಎರಡನೆಯ ತರಗತಿಯ ಮಗು. 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' ತೂಗುಹಾಕಲು ಹೇಳಿತು. ಗೋಡೆಯ ಮೇಲೆ ಎಚ್ಚರಿಕೆ, ಅಂಗಡಿಯಲ್ಲಿ ರಿಯಾಯಿತಿ. ಮಗು ಯಾವುದನ್ನು ನಂಬಬೇಕು?

ಬಡವರಿಗೆ ಹೊರೆ ಎಂಬ ಮಾತು ಗಂಭೀರವಾದದ್ದು. ಗಳಿಕೆ ಕಡಿಮೆ ಇದ್ದವರಿಗೆ ಯಾವ ಪರೋಕ್ಷ ತೆರಿಗೆಯೂ ಹೆಚ್ಚು ಚುಚ್ಚುತ್ತದೆ. ಆದರೆ ಇಂದಿನ ಶೇ 40 ಹೇಗೂ ಚುಚ್ಚುತ್ತಿದೆ, ತಪ್ಪಿಸಿಕೊಳ್ಳಲು ದಾರಿಯಿಲ್ಲದೆ. ಗ್ರಾಂ ಲೆಕ್ಕವಾದರೆ ಕಡಿಮೆ ಸಕ್ಕರೆಯ ಬಾಟಲಿ ಇಂದಿಗಿಂತ ಅಗ್ಗವಾಗುತ್ತದೆ. ಮಧುಮೇಹದಿಂದ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಕೇಂದ್ರದ ಸರದಿಯಲ್ಲಿ ನಿಂತ ಬಡವರಿಗೆ ಅಂಥ ಆಯ್ಕೆ ಇರುವುದಿಲ್ಲ. ಕೃತಕ ಸಿಹಿ ಸುರಿಯುತ್ತಾರಲ್ಲ ಎಂದರೆ, ಹೌದು, ಸುರಿಯುತ್ತಾರೆ. ತೂಕ ಇಳಿಸಲು ಅದನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ಹಾಗಾಗಿ ಅದಕ್ಕೂ ಪೂರ್ಣ ಮಾಫಿ ಕೊಡಬೇಕಿಲ್ಲ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ರೈತರ ಹೆಸರು ಹೇಳಿ ಅಡ್ಡಿ ಮಾಡುವವರಿಗೆ ಒಂದು ಮಾತು: 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ರಸ್ತೆಗಿಳಿದದ್ದು ಕಾರ್ಖಾನೆ ಕೊಡುವ ದರಕ್ಕಾಗಿ. ಕೋಲಾ ಮಾರಾಟ ಕುಸಿಯಿತೆಂದು ಯಾರೂ ಅಲ್ಲಿ ಕೂತಿರಲಿಲ್ಲ. ಕಬ್ಬಿಗೀಗ ಎಥೆನಾಲ್ ಎಂಬ ಇನ್ನೊಂದು ಗಿರಾಕಿಯೂ ಇದೆ.

ಇದಕ್ಕೆ ಹೊಸ ಕಾಯ್ದೆ ಬೇಕು, ಜಿಎಸ್‌ಟಿ ಮೌಲ್ಯದ ಮೇಲೆ ಹಾಕುವ ತೆರಿಗೆ, ತೂಕದ ಮೇಲೆ ಅಲ್ಲ ಎಂದು ಅಧಿಕಾರಿಗಳು ಕಡತ ಮಡಚುವ ಮೊದಲು ಒಂದು ಸಲಹೆ. 5, 18, 40 ಎಂಬ ಮೂರು ದರಗಳು ತಮ್ಮ ಬಳಿಯೇ ಇವೆ. 100 ಮಿಲಿಲೀಟರಿಗೆ 5 ಗ್ರಾಂ ಒಳಗಿನ ಪಾನೀಯ ಮೊದಲನೆಯದಕ್ಕೆ, 8ರವರೆಗಿನದು ಎರಡನೆಯದಕ್ಕೆ, ಮೀರಿದ್ದು ಮೂರನೆಯದಕ್ಕೆ. ಗುಳ್ಳೆ, ಹಣ್ಣಿನ ಚಿತ್ರ, ಹಾಲಿನ ಹೆಸರು ಯಾವುದನ್ನೂ ನೋಡದೆ. ಕಂಪನಿಗಳಿಗೆ ಎರಡು ವರ್ಷ ಮುಂಚೆ ತಿಳಿಸಿ. ನಿರ್ಣಯಕ್ಕೆ ನಾಲ್ಕನೇ ಮೂರು ಭಾಗದ ಮತ ಬೇಕು, ಒಟ್ಟು ಮತದಲ್ಲಿ ಕೇಂದ್ರದ್ದು ಮೂರನೇ ಒಂದು, ಉಳಿದದ್ದು ರಾಜ್ಯಗಳದ್ದು. ಸಕ್ಕರೆ ಕಾರ್ಖಾನೆಯ ಒಡೆಯರು ಶಾಸಕರಾಗಿಯೂ ಮಂತ್ರಿಗಳಾಗಿಯೂ ಕೂತಿರುವ ರಾಜ್ಯಗಳು ಯಾವ ಕಡೆಗೆ ಕೈಯೆತ್ತುತ್ತವೆ ಎಂಬುದು ಸಭೆಯ ನಡಾವಳಿಯಲ್ಲಿ ದಾಖಲಾದರೆ ಸಾಕು.

ಇಂತಿ,
ಎರಡೂ ದರದ ತೆರಿಗೆ ಕಟ್ಟುತ್ತಿರುವ ಒಬ್ಬ ಗ್ರಾಹಕ