ಸಂತೋಷ ಕಡ್ಡಾಯ, ಫೋಟೊ ಲಗತ್ತಿಸಿ

ಬರುವ ಸೋಮವಾರದಿಂದ ಶುಕ್ರವಾರದವರೆಗೆ ಮಕ್ಕಳು ಸಂತೋಷವಾಗಿರತಕ್ಕದ್ದು ಎಂದು ಶಾಲೆಯಲ್ಲಿ ತೀರ್ಮಾನವಾಗಿದೆ. ಡೈರಿಯಲ್ಲಿ ಸರ್ಕ್ಯುಲರ್ ಅಂಟಿಸಿ ಕಳಿಸಿದ್ದಾರೆ, ಪೋಷಕರು ಸಹಿ ಹಾಕಬೇಕು. ಸೋಮವಾರ ಹಳದಿ ಬಟ್ಟೆ, ಯಾಕೆಂದರೆ ಹಳದಿ ಉಲ್ಲಾಸದ ಬಣ್ಣವಂತೆ. ಮಂಗಳವಾರ ಕೃತಜ್ಞತೆ. ಯಾರಿಗೆ ಕೃತಜ್ಞರು ಎಂದು ಪ್ರತಿ ಮಗುವೂ ಹತ್ತು ಸಾಲು ಬರೆದು ತರಬೇಕು, ಅಕ್ಷರ ದುಂಡಗಿಲ್ಲದವರು ಇನ್ನೊಮ್ಮೆ ಕೃತಜ್ಞರಾಗಬೇಕು. ಬುಧವಾರ ಉಸಿರಾಟ. ಗುರುವಾರ ‘ನನ್ನ ಭಾವನೆಗಳು’ ಎಂಬ ಚಾರ್ಟು. ಥರ್ಮೋಕೋಲು, ಮಿನುಗು ಕಾಗದ, ಫೆವಿಕಾಲು ತಂದು ಮಗುವಿನ ಭಾವನೆಗಳನ್ನು ಅಪ್ಪ ಅಮ್ಮ ರಾತ್ರಿ ಹನ್ನೊಂದರವರೆಗೆ ಕೂತು ಕತ್ತರಿಸಿ ಅಂಟಿಸುತ್ತಾರೆ. ಶುಕ್ರವಾರ ‘ನಾವೆಲ್ಲ ಒಂದೇ ಕುಟುಂಬ’ ದಿನ. ಅಂದು ಶಾಲೆಯ ಲಾಂಛನವಿರುವ ಬಿಳಿ ಟೀ ಶರ್ಟು ಕಡ್ಡಾಯ, 450 ರೂಪಾಯಿ, ಆಫೀಸಿನ ಎರಡನೇ ಕೌಂಟರಿನಲ್ಲಿ ಸಿಗುತ್ತದೆ. ಎರಡನೇ ಕಂತಿನ ಫೀಸು ಬಾಕಿ ಇರುವವರಿಗೆ ಟೀ ಶರ್ಟು ಕೊಡುವುದಿಲ್ಲ. ಕುಟುಂಬವೆಂದ ಮೇಲೆ ಅಷ್ಟು ಲೆಕ್ಕಾಚಾರ ಇದ್ದೇ ಇರುತ್ತದೆ.

ಶಾಲೆಯೊಂದನ್ನೇ ಅಂದು ಏನು ಪ್ರಯೋಜನ? ದೇಶವೇ ಈಗ ಮಕ್ಕಳ ಮನಸ್ಸಿನ ಬೆನ್ನು ಹತ್ತಿದೆ. 2018ರ ಜುಲೈನಲ್ಲಿ ದೆಹಲಿ ಸರ್ಕಾರ ದಲೈ ಲಾಮಾ ಅವರನ್ನು ಕರೆಸಿ ತನ್ನ ಶಾಲೆಗಳಲ್ಲಿ ‘ಹ್ಯಾಪಿನೆಸ್’ ಪೀರಿಯಡ್ಡು ಶುರು ಮಾಡಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಪ್ರಧಾನಿಯವರ ‘ಪರೀಕ್ಷಾ ಪೇ ಚರ್ಚಾ’ ಆರಂಭವಾಗಿತ್ತು. 2025ರಲ್ಲಿ ಅದಕ್ಕೆ 3.53 ಕೋಟಿ ನೋಂದಣಿಯಾಗಿ ಗಿನ್ನೆಸ್ ದಾಖಲೆಯಾಯಿತು. ಅಂಕದ ಹಿಂದೆ ಓಡಬೇಡಿ ಎಂದು ಹೇಳುವ ಕಾರ್ಯಕ್ರಮವೂ ಜಗತ್ತಿಗೇ ಫಸ್ಟ್ ರ‍್ಯಾಂಕ್ ಬಂದರೇನೇ ನಮಗೆ ನಿದ್ದೆ.

ಸಿಬಿಎಸ್‌ಇ ಶಾಲೆಗಳಲ್ಲಿ ಆಪ್ತ ಸಮಾಲೋಚಕರು ಇರಬೇಕೆಂಬ ನಿಯಮ ಮೊದಲಿನಿಂದ ಇದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಸಮಾಲೋಚಕರಾದರೂ ಇರಬೇಕೆಂದು ಹೇಳಿತು. ಕೋರ್ಟಿನ ಮುಂದೆ ಇದ್ದದ್ದು ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹದಿನೇಳರ ಹುಡುಗಿಯೊಬ್ಬಳ ಸಾವಿನ ಪ್ರಕರಣ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡ ಲೆಕ್ಕವೂ ಆ ತೀರ್ಪಿನಲ್ಲಿದೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಗು ಬರುವುದು ಆದೇಶ ಶಾಲೆಯ ಗೇಟು ದಾಟಿದ ಮೇಲೆ.

ಗೇಟು ದಾಟಿದ ಆದೇಶ ಏನಾಗುತ್ತದೆಂದರೆ, ಒಂದು ಕೋಣೆಯಾಗುತ್ತದೆ. ಪ್ರಿನ್ಸಿಪಾಲರ ಚೇಂಬರಿನ ಪಕ್ಕ, ಗಾಜಿನ ಬಾಗಿಲು, ಒಳಗೆ ಎರಡು ಬೀನ್ ಬ್ಯಾಗು, ಗೋಡೆಗೆ ಒಂದು ಸೂರ್ಯಕಾಂತಿ. ಒಳಗೆ ಯಾರು ಕೂತಿದ್ದಾರೆ, ಅತ್ತರೋ ಇಲ್ಲವೋ ಎಂಬುದು ಆಫೀಸಿಗೆ ಫೀಸು ಕಟ್ಟಲು ಬಂದ ಎಲ್ಲರಿಗೂ ಕಾಣುತ್ತದೆ. ಸಮಾಲೋಚಕಿ ಮೇಡಂ ಒಳ್ಳೆಯವರು, ಓದಿಕೊಂಡವರು. ಆದರೆ ಅವರು ಕೋಣೆಯಲ್ಲಿ ಸಿಗುವುದೇ ಅಪರೂಪ. ಸಮಾಜ ವಿಜ್ಞಾನದ ಟೀಚರು ರಜೆಯಾದರೆ ಏಳನೇ ಬಿ ಸೆಕ್ಷನ್ನಿಗೆ ಹೋಗಬೇಕು, ಮಧ್ಯಾಹ್ನ ಬಸ್ ಡ್ಯೂಟಿ, ಡಿಸೆಂಬರಿನಲ್ಲಿ ವಾರ್ಷಿಕೋತ್ಸವದ ನೃತ್ಯಕ್ಕೆ ಬಟ್ಟೆ ಬಾಡಿಗೆಗೆ ತರಬೇಕು. ಇಡೀ ಶಾಲೆಯಲ್ಲಿ ಮಾತಾಡಿಸುವವರಿಲ್ಲದೆ ಸೊರಗಿದವರು ಯಾರಾದರೂ ಇದ್ದರೆ ಅದು ಆ ಮೇಡಮ್ಮೇ ಇರಬೇಕು.

ಹಾಗಂತ ಸಮಾಲೋಚನೆ ಬಳಕೆಯಲ್ಲಿಲ್ಲ ಎನ್ನುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿತಲ್ಲ, ಅಂದಿನಿಂದ ಬೆತ್ತದ ಜಾಗ ಖಾಲಿ ಬಿದ್ದಿತ್ತು. ‘ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳದಿದ್ರೆ ಕೌನ್ಸೆಲಿಂಗ್‌ಗೆ ಕಳಿಸ್ತೀನಿ ನೋಡು’ ಎಂದರೆ ಈಗ ಹಿಂದಿನ ಬೆಂಚು ತಣ್ಣಗಾಗುತ್ತದೆ. ಯಾವ ಏಟೂ ಬೀಳಲಿಲ್ಲ, ಕಾನೂನೂ ಮುರಿಯಲಿಲ್ಲ.

ಸುಪ್ರೀಂ ಕೋರ್ಟಿನ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚು ಮಾಡಬಾರದು, ಎಲ್ಲರೆದುರು ಅವಮಾನಿಸಬಾರದು, ಕೋಚಿಂಗ್ ಸಂಸ್ಥೆಗಳಂತೂ ಮಾಡಲೇಬಾರದು, ಸಾಧ್ಯವಾದಷ್ಟು ಮಟ್ಟಿಗೆ. ಆಡಳಿತ ಮಂಡಳಿಯವರು ಈ ವಾಕ್ಯವನ್ನು ಹಿಂದಿನಿಂದ ಓದಿದ್ದಾರೆ. ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬಲ್ಲಿಗೆ ಸಮಾಧಾನವಾಗಿ ಮುಂದಕ್ಕೆ ಓದಲೇ ಇಲ್ಲ. ಆದ್ದರಿಂದ ಆರನೇ ಕ್ಲಾಸಿನಿಂದಲೇ ಐಐಟಿ ಫೌಂಡೇಶನ್ನಿನ ಎ ಸೆಕ್ಷನ್ನು ಇದೆ. ಅದಕ್ಕೆ ಎಸಿ ಕೋಣೆ, ಒಳ್ಳೆಯ ಗಣಿತದ ಮೇಷ್ಟ್ರು. ಬಿ ಸೆಕ್ಷನ್ನಿಗೆ ಫ್ಯಾನು. ಡಿ ಸೆಕ್ಷನ್ನಿಗೆ ಕಿಟಕಿ. ಸೆಕ್ಷನ್ನುಗಳಿಗೆ ಎ, ಬಿ ಎಂದು ಕರೆದರೆ ಮಕ್ಕಳಲ್ಲಿ ಕೀಳರಿಮೆ ಬರುತ್ತದೆಂದು ತಜ್ಞರು ಹೇಳಿದ್ದರಿಂದ ಈ ವರ್ಷ ಅವುಗಳಿಗೆ ಕಾವೇರಿ, ತುಂಗಾ, ಶರಾವತಿ, ವೃಷಭಾವತಿ ಎಂದು ಹೆಸರಿಟ್ಟಿದ್ದಾರೆ. ತಾವು ಯಾವ ನದಿ ಎಂಬುದು ಬೆಂಗಳೂರಿನ ಮಕ್ಕಳಿಗೆ ಮೊದಲ ದಿನವೇ ಗೊತ್ತಾಯಿತು.

ಇನ್ನು ನಾವು, ಅಂದರೆ ಪೋಷಕರು. ಶಾಲೆಯನ್ನು ಬೈದು ನಾವು ತಪ್ಪಿಸಿಕೊಳ್ಳುವಂತಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅಂಕಪಟ್ಟಿಯ ಬದಲು ಮಗುವಿನ ಮನಸ್ಸು, ಒಡನಾಟ, ಕೌಶಲ ಎಲ್ಲವನ್ನೂ ಹೇಳುವ ಸಮಗ್ರ ಪ್ರಗತಿ ಪತ್ರ ಬೇಕು ಎಂದಿತು. ಕೆಲವು ಶಾಲೆಗಳು ಅದನ್ನು ಮುದ್ರಿಸಿಯೂ ಬಿಟ್ಟವು: ನಗುವ ಮುಖ, ಸಪ್ಪೆ ಮುಖ, ಅಳುವ ಮುಖ. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತರು. ‘ಮೇಡಂ, ಸಹಾನುಭೂತಿಯಲ್ಲಿ ನಮ್ಮವನಿಗೆ ಬಿ ಪ್ಲಸ್ ಕೊಟ್ಟಿದೀರ. ಅವನ ಪಕ್ಕ ಕೂರೋ ಹುಡುಗನಿಗೆ ಎ ಇದೆ. ಎಲ್ಲಿ ಕಡಿಮೆಯಾಯ್ತು ಹೇಳಿ, ಮನೇಲಿ ಪ್ರಾಕ್ಟೀಸ್ ಮಾಡಿಸ್ತೀವಿ.’ ಹಿಂದೆ ಕೂತಿದ್ದ ಗೃಹಸ್ಥರೊಬ್ಬರು ಸಹಾನುಭೂತಿಗೆ ಟ್ಯೂಷನ್ ಎಲ್ಲಿ ಸಿಗುತ್ತದೆ ಎಂದು ಫೋನಿನಲ್ಲಿ ಆಗಲೇ ಹುಡುಕತೊಡಗಿದ್ದರು. ಮಕ್ಕಳಿಗೆ ಪೀಟಿ ಪೀರಿಯಡ್ಡು ಯಾಕಿಲ್ಲ ಎಂದು ಮೂಲೆಯಿಂದ ಯಾರೋ ಕೇಳಿದರು. ಪೋರ್ಷನ್ ಮುಗಿದಿಲ್ಲ ಎಂದರು ಮೇಡಂ. ಸಭೆಯ ಎಲ್ಲ ತಲೆಗಳೂ ಆ ಪ್ರಶ್ನೆ ಕೇಳಿದವರ ಕಡೆಗೆ ತಿರುಗಿದವು, ಮೇಡಂ ಕಡೆಗೆ ಒಂದೂ ತಿರುಗಲಿಲ್ಲ.

ಶುಕ್ರವಾರದ ‘ನಾವೆಲ್ಲ ಒಂದೇ ಕುಟುಂಬ’ ಎನ್ನುವ ಮಾತಿಗೆ ಬರೋಣ. ನಿಜವಾಗಿ ಎಲ್ಲರೂ ನಮ್ಮವರೇ ಆಗಿಬಿಟ್ಟರೆ ಎಂಬ ಭಯ ಈ ಊರಿನ ಶಾಲೆಗಳಿಗೆ ಒಮ್ಮೆ ಬಂದಿತ್ತು. ಖಾಸಗಿ ಶಾಲೆಗಳ ಮೊದಲ ತರಗತಿಯಲ್ಲಿ ಕಾಲು ಭಾಗ ಸೀಟು ಬಡ, ಹಿಂದುಳಿದ ಮನೆಯ ಮಕ್ಕಳಿಗೆ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳಿತಲ್ಲ, ಆಗ. ಮನೆಕೆಲಸದವಳ ಮಗನೂ ಮನೆ ಯಜಮಾನರ ಮಗನೂ ಒಂದೇ ಬೆಂಚಿನಲ್ಲಿ ಕೂರುವ ಸಂದರ್ಭ. ಸೇರಿಕೊಂಡ ಮಕ್ಕಳಿಗೆ ಶಾಲೆ ಮೊದಲು ಕಲಿಸಿದ ಅಕ್ಷರಗಳೇ ಆರ್, ಟಿ, ಇ. ‘ಆರ್‌ಟಿಇ ಮಕ್ಕಳೆಲ್ಲ ಎದ್ದು ನಿಲ್ಲಿ’ ಎಂದು ಪುಸ್ತಕ ಹಂಚುವ ದಿನ ಕರೆದರೆ ಆಯಿತು, ವರ್ಷವಿಡೀ ಕೂತರೂ ಅವರು ನಿಂತೇ ಇರುತ್ತಾರೆ. 2012ರಲ್ಲಿ ಬೆಂಗಳೂರಿನ ಶಾಲೆಯೊಂದರಲ್ಲಿ ಇಂಥ ಮಕ್ಕಳ ತಲೆಗೂದಲು ಒಂದಿಷ್ಟು ಕತ್ತರಿಸಿ ಗುರುತು ಮಾಡಿದರೆಂಬ ಆರೋಪ ದೇಶದಾದ್ಯಂತ ಸುದ್ದಿಯಾಗಿತ್ತು. ಇಂದಿನ ಶಾಲೆಗಳು ಅಷ್ಟು ಒರಟಲ್ಲ. ಪಿಕ್ನಿಕ್ಕಿಗೆ ಮೂರು ಸಾವಿರ ಎಂದು ಸರ್ಕ್ಯುಲರ್ ಕಳಿಸಿದರೆ ಗುರುತು ತಾನಾಗಿಯೇ ಮೂಡುತ್ತದೆ, ಕತ್ತರಿ ಬೇಕಿಲ್ಲ.

ಈ ತೊಡಕನ್ನು ಕರ್ನಾಟಕ ಬಹಳ ಸೊಗಸಾಗಿ ಬಗೆಹರಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಎಂದು ನಿಯಮ ತಿದ್ದಿತು. 2019ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಈ ರಾಜ್ಯದಲ್ಲಿ ನೆರೆಹೊರೆಯಲ್ಲಿ ಸರ್ಕಾರಿ ಶಾಲೆ ಇಲ್ಲದ ಜಾಗವನ್ನು ನೀವೇ ಹುಡುಕಿಕೊಳ್ಳಿ. ಸರ್ಕಾರಿ ಶಾಲೆ ತುಂಬಲಿ ಎಂಬ ವಾದ ಅದರ ಹಿಂದಿತ್ತು, ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಅಂದಹಾಗೆ, ತುಂಬಿತೇ? ಅದೇನೇ ಇರಲಿ, ಖಾಸಗಿ ಶಾಲೆಯಲ್ಲಿ ಪರಕೀಯರಂತೆ ಕೂರುತ್ತಿದ್ದ ಮಕ್ಕಳ ಸಂಕಟ ಪೂರ್ತಿ ಪರಿಹಾರವಾಯಿತು. ಒಳಗೆ ಬಿಡದ ಮೇಲೆ ಹೊರಗಿನವರೆಂಬ ಭಾವನೆ ಒಳಗೆ ಹೇಗೆ ಉಳಿದೀತು?

ಸರ್ಕಾರಿ ವಸತಿ ಶಾಲೆಗಳ ಕತೆ ಇನ್ನೊಂದು ಬಗೆಯದು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿ ತೊಳೆಸಿದ ವಿಡಿಯೊ ಹೊರಬಿತ್ತು. ಅಮಾನತು, ಬಂಧನ, ಖಂಡನೆ ಎಲ್ಲವೂ ಕ್ರಮವಾಗಿ ಆದವು. ಮಕ್ಕಳಿಂದ ಶೌಚಾಲಯ ತೊಳೆಸಬಾರದೆಂದು ಸುತ್ತೋಲೆಯೂ ಬಂತು, ಅಂದರೆ ಅಲ್ಲಿಯವರೆಗೆ ಅದು ಯಾರಿಗೂ ಹೊಳೆದಿರಲಿಲ್ಲ. ಎರಡು ತಿಂಗಳಲ್ಲಿ, 2024ರ ಫೆಬ್ರುವರಿಯಲ್ಲಿ, ವಿಧಾನಸಭೆಯಲ್ಲಿ ವಸತಿ ಶಾಲೆಗಳ ಬಗ್ಗೆ ಜೋರು ಗದ್ದಲ ಎದ್ದಿತು. ಗುಂಡಿಯ ಬಗ್ಗೆ ಅಂದುಕೊಂಡಿರಾ? ಗದ್ದಲ ಬಾಗಿಲ ಮೇಲಿನ ಬರಹದ್ದು. ಒಳಗೆ ಬರುವ ಮಗು ಕೈ ಮುಗಿಯಬೇಕು ಎಂದಿದ್ದ ಕಡೆ ಕೆಲವೆಡೆ ‘ಧೈರ್ಯವಾಗಿ ಪ್ರಶ್ನಿಸಿ’ ಎಂದು ಬರೆಸಿದ್ದರು. ಮಗು ಕೈ ಮುಗಿಯಬೇಕೋ ಪ್ರಶ್ನೆ ಕೇಳಬೇಕೋ ಎಂದು ಟೀವಿಯಲ್ಲಿ ವಾರಗಟ್ಟಲೆ ದೊಡ್ಡವರು ಪ್ರಶ್ನಿಸಿದರು, ಕೆಲವರು ಕೈ ಮುಗಿದರು. ಆ ಬಾಗಿಲಲ್ಲಿ ನಿಂತ ಹುಡುಗನೊಬ್ಬ ಧೈರ್ಯ ಮಾಡಿ, ‘ಸಾರ್, ಗಣಿತಕ್ಕೆ ಮೇಷ್ಟ್ರು ಯಾವಾಗ ಬರ್ತಾರೆ?’ ಎಂದು ಕೇಳಿದರೆ ಏನು ಉತ್ತರ ಕೊಡಬೇಕೆಂದು ಮಾತ್ರ ಯಾರೂ ಬರೆಸಲಿಲ್ಲ.

ಹಾಗೆ ನೋಡಿದರೆ ಹಳ್ಳಿಯ ಶಾಲೆಯಲ್ಲಿ ಆಪ್ತತೆ ತಾನಾಗಿಯೇ ಹೆಚ್ಚು. 2024–25ರ ಯುಡೈಸ್ ಶಾಲಾ ಅಂಕಿಅಂಶ ವರದಿಯ ಪ್ರಕಾರ ದೇಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಒಂದು ಲಕ್ಷಕ್ಕೂ ಹೆಚ್ಚು. ಒಂದರಿಂದ ಐದನೇ ತರಗತಿಯವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ, ಒಬ್ಬರೇ ಮೇಷ್ಟ್ರ ಎದುರು ಕೂತಿರುವಾಗ ಒಂದೇ ಕುಟುಂಬವೆಂಬ ಭಾವನೆಗೆ ಟೀ ಶರ್ಟು ಬೇಡ. ಆ ಮೇಷ್ಟ್ರು ಹಾಲು ಕಾಯಿಸಿದ ಲೆಕ್ಕ, ಮೊಟ್ಟೆಯ ಲೆಕ್ಕ, ಸ್ಯಾಟ್ಸ್ ತಂತ್ರಾಂಶದ ಹಾಜರಿ, ಮತಗಟ್ಟೆ ಕೆಲಸ ಎಲ್ಲ ಮುಗಿಸಿ ಮಕ್ಕಳ ಕಡೆ ತಿರುಗುವಷ್ಟರಲ್ಲಿ ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರ ವಾಟ್ಸಾಪ್ ಬರುತ್ತದೆ: ‘ಮಕ್ಕಳ ಮಾನಸಿಕ ಆರೋಗ್ಯ ಕಾರ್ಯಕ್ರಮದ ಫೋಟೊ ಮೂರು ಗಂಟೆಯೊಳಗೆ ಕಳಿಸಿ, ತುರ್ತು.’ ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಗಿ ಎನ್ನುತ್ತಾರೆ. ನಕ್ಕವರು ಮುಂದಿನ ಸಾಲಿಗೆ, ಚಪ್ಪಲಿ ಇಲ್ಲದವರು ಹಿಂದಿನ ಸಾಲಿಗೆ.

ಆ ಶಾಲೆಯಲ್ಲಿ ಬಿಸಿಯೂಟ ಬಡಿಸುವ ಅಕ್ಕ ಇದ್ದಾಳಲ್ಲ, ಅವಳಿಗೆ ಯಾವ ಮಗು ನಿನ್ನೆ ರಾತ್ರಿ ಉಂಡಿಲ್ಲ, ಯಾವುದರ ಅಪ್ಪ ಕುಡಿದು ಬಂದು ಗಲಾಟೆ ಮಾಡಿದ್ದಾನೆ, ಯಾವ ಹುಡುಗಿಯ ಮದುವೆಯ ಮಾತು ಮನೆಯಲ್ಲಿ ನಡೆಯುತ್ತಿದೆ ಎಂಬುದೆಲ್ಲ ತಟ್ಟೆ ಚಾಚಿದ ರೀತಿಯಲ್ಲೇ ತಿಳಿಯುತ್ತದೆ. ಎರಡನೇ ಸಲ ಅನ್ನ ಹಾಕುವಾಗ ಏನೋ ಕೇಳುತ್ತಾಳೆ, ಮಗು ಏನೋ ಹೇಳುತ್ತದೆ. ಆದರೆ ಅವಳ ಬಳಿ ಸರ್ಟಿಫಿಕೇಟು ಇಲ್ಲ. ಗೌರವಧನ ಎಂದು ಕರೆಯುವ ಕೆಲವು ಸಾವಿರ ರೂಪಾಯಿ ಅನ್ನ ಬೇಯಿಸಿದ್ದಕ್ಕೆ ಮಾತ್ರ. ವರದಿಯಲ್ಲಿ ಅವಳು ಕೇಳಿದ್ದಕ್ಕೆ ಕಾಲಂ ಇಲ್ಲದ ಕಾರಣ ಅವಳು ಕೇಳಲಿಲ್ಲ ಎಂದೇ ಇಲಾಖೆ ಭಾವಿಸಿದೆ.

ಎಸ್ಸೆಸ್ಸೆಲ್ಸಿ ವರ್ಷ ಬಂತೆಂದರೆ ಇದ್ದಕ್ಕಿದ್ದಂತೆ ಎಲ್ಲರಿಗೂ ಮಕ್ಕಳ ಮೇಲೆ ಅಕ್ಕರೆ ಉಕ್ಕುತ್ತದೆ. ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಬರುತ್ತದೆಂಬ ಚಿಂತೆಯಿಂದ ಡಿಡಿಪಿಐ ಬಿಇಒಗೆ ಫೋನು, ಬಿಇಒ ಹೆಡ್‌ಮಾಸ್ಟರಿಗೆ ಫೋನು, ಮೇಷ್ಟ್ರು ಬೆಳಗಿನ ಜಾವ ಐದಕ್ಕೆ ಹುಡುಗನಿಗೆ ಫೋನು: ‘ಎದ್ಯಾ? ಓದ್ತಿದೀಯಾ?’ ಒಂಬತ್ತು ವರ್ಷ ಹೆಸರು ಕರೆಯದೆ ‘ಏಯ್ ಲಾಸ್ಟ್ ಬೆಂಚ್’ ಎಂದೇ ಕರೆದ ಹುಡುಗನನ್ನು ಈಗ ದತ್ತು ತೆಗೆದುಕೊಳ್ಳುತ್ತಾರೆ. ಅವನ ಮನೆಗೆ ಹೋಗುತ್ತಾರೆ, ತಾಯಿ ಕೊಟ್ಟ ಕಾಫಿ ಕುಡಿಯುತ್ತಾರೆ, ಪಾಸಿಂಗ್ ಪ್ಯಾಕೇಜಿನ ಜೆರಾಕ್ಸು ಕೊಡುತ್ತಾರೆ. ಶಾಲೆ ತನ್ನದು ಎಂದು ಹುಡುಗನಿಗೆ ಜನ್ಮದಲ್ಲಿ ಮೊದಲ ಸಲ ಅನ್ನಿಸುವುದು ಆ ಮೂರು ತಿಂಗಳು. ಪಾಸಾದ ಮರುದಿನ ದತ್ತು ರದ್ದು.

ದುಡ್ಡಿರುವ ಖಾಸಗಿ ಶಾಲೆಗೆ ಇಷ್ಟು ಪರಿಪಾಟಲು ಬೇಕಿಲ್ಲ. ಗೇಟಿನ ಮೇಲೆ ‘ಸತತ ನೂರಕ್ಕೆ ನೂರು ಫಲಿತಾಂಶ’ ಎಂಬ ಫ್ಲೆಕ್ಸ್ ಇರುವ ಕಡೆ ಕೆಲಸ ಒಂಬತ್ತನೇ ತರಗತಿಯಲ್ಲೇ ಮುಗಿದಿರುತ್ತದೆ. ಶಿಕ್ಷಣ ಹಕ್ಕಿನ ಕಾವಲು ಎಂಟನೇ ತರಗತಿಯವರೆಗೆ, ಒಂಬತ್ತಕ್ಕೆ ಬಂದರೆ ಕಾವಲುಗಾರ ಮನೆಗೆ ಹೋಗಿರುತ್ತಾನೆ. ಮಾರ್ಚಿನ ಕೊನೆಗೆ ವೃಷಭಾವತಿ ಸೆಕ್ಷನ್ನಿನ ಕೆಲವು ಮನೆಗಳಿಗೆ ಫೋನು ಬರುತ್ತದೆ. ಪ್ರಿನ್ಸಿಪಾಲ್ ಮೇಡಂ ಕೂರಿಸಿ, ನೀರು ಕೊಟ್ಟು, ಬಹಳ ಆಪ್ತವಾಗಿ ಮಾತಾಡುತ್ತಾರೆ. ‘ನೋಡಿ ಇವರೇ, ನಮಗೆ ಮಗುವಿನ ಸಂತೋಷ ಮುಖ್ಯ. ಇಲ್ಲಿಯ ಪ್ರೆಷರ್ ಅವನಿಗೆ ತಡೆಯೋಕಾಗ್ತಿಲ್ಲ. ಬೇರೆ ಶಾಲೆಯಲ್ಲಿ ಆರಾಮಾಗಿ ಇರ್ತಾನೆ. ಕೌನ್ಸೆಲರ್ ಕೂಡ ಹಾಗೇ ಬರೆದಿದ್ದಾರೆ.’ ಕೌನ್ಸೆಲರ್ ಬರೆದದ್ದು ಅದೊಂದು ಹಾಳೆ. ವರ್ಷದಲ್ಲಿ ಅವರ ಕೆಲಸ ಶಾಲೆಗೆ ಉಪಯೋಗಕ್ಕೆ ಬಂದದ್ದೂ ಅಲ್ಲೇ. ಅಪ್ಪ ಹತ್ತು ವರ್ಷ ಫೀಸು ಕಟ್ಟಿದವನು, ಏನೋ ಕೇಳಲು ಬಾಯಿ ತೆರೆಯುತ್ತಾನೆ. ಅಷ್ಟರಲ್ಲಿ ಗುಮಾಸ್ತ ವರ್ಗಾವಣೆ ಪತ್ರವನ್ನು ತುಂಬಿ ತಂದು ಇಡುತ್ತಾನೆ, ಸಹಿಗೆ ಪೆನ್ನೂ ಅವನೇ ಕೊಡುತ್ತಾನೆ. ಶಾಲೆ ಬಿಡಲು ಕಾರಣ: ಪೋಷಕರ ಕೋರಿಕೆ. ನಡತೆ: ತೃಪ್ತಿಕರ. ಬಾಕಿ: ಇಲ್ಲ.