ವರದಿರಾಯ

ಆಳಂದ ತಾಲ್ಲೂಕಿನ ಜಿಡಗಾ ಎಂದರೆ ಹೊರಗಿನವರಿಗೆ ಮಠ, ಊರವರಿಗೆ ತೊಗರಿ ಹೊಲ. ಈಗೀಗ ಈ ಕಡೆಯ ಊರುಗಳಲ್ಲಿ ಇನ್ನೊಂದು ಬಗೆಯ ಪ್ರಾಣಿಯೂ ಕಾಣಿಸುತ್ತದೆ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನಲ್ಲಿ ‘ಆಟೊಮೇಷನ್ ಟೆಸ್ಟಿಂಗ್’ ಸೇರಿ, ಹಬ್ಬಕ್ಕೆ ಲ್ಯಾಪ್‌ಟಾಪ್ ಸಮೇತ ಇಳಿಯುವ ಹುಡುಗ. ಏನು ಕೆಲಸವೆಂದು ಕಟ್ಟೆಯ ಹಿರಿಯರು ವಿಚಾರಿಸಿದರೆ, “ಬ್ರೌಸರ್ ತಾನೇ ಓಡ್ತದ್ರಿ, ತಾನೇ ಬಟನ್ ಒತ್ತತದ. ಆದಮ್ಯಾಲ ನಾ ರಿಪೋರ್ಟ್ ಕೊಡ್ತೀನ್ರಿ” ಎನ್ನುತ್ತಾನೆ.

“ಮತ್ತ ನೀ ಏನ್ ಮಾಡ್ತಿ?”

ಈ ಪ್ರಶ್ನೆಗೆ ಉತ್ತರ ಹೊಳೆಯದೆ ಅವನು ಚಹಾ ಲೋಟ ಎತ್ತಿಕೊಳ್ಳುತ್ತಾನೆ.

ಬ್ರೌಸರನ್ನು ಓಡಿಸುವ ಕಷ್ಟವನ್ನು ಬೇರೆಯವರು ಮೊದಲೇ ಪಟ್ಟಿದ್ದಾರೆ. ಜೇಸನ್ ಹಗಿನ್ಸ್ ಶಿಕಾಗೊದ ಥಾಟ್‌ವರ್ಕ್ಸ್‌ನಲ್ಲಿ ಸೆಲೆನಿಯಂ ಶುರು ಮಾಡಿದ್ದು 2004ರಲ್ಲಿ. 2014ರಲ್ಲಿ ಅದರ ಸಮ್ಮೇಳನ ಬೆಂಗಳೂರಿಗೇ ಬಂತು. 2020ರಲ್ಲಿ ಮೈಕ್ರೋಸಾಫ್ಟ್ ಪ್ಲೇರೈಟ್ ತಂದಿತು. ಫಲಿತಾಂಶ ಹೇಳುವ ಕೆಲಸವಂತೂ ಇನ್ನೂ ಹಳೆಯದು. ಪರ್ಲ್ ಭಾಷೆಯವರು 1987ರಲ್ಲೇ ಅದನ್ನು ಎರಡು ಮಾತಿನಲ್ಲಿ ಮುಗಿಸಿದ್ದರು: ಸರಿಯಾದರೆ ‘ಓಕೆ’, ತಪ್ಪಿದರೆ ‘ನಾಟ್ ಓಕೆ’, ಮುಂದೊಂದು ಅಂಕಿ. ಪರೀಕ್ಷೆಗಳನ್ನು ಸರ್ವರ್‌ನಲ್ಲಿ ತಾನಾಗಿ ಓಡಿಸುವ ಜೆನ್‌ಕಿನ್ಸ್‌ಗೆ ಅಷ್ಟೂ ಬೇಡ. ಪ್ರೋಗ್ರಾಂ ಸೊನ್ನೆ ಕೊಟ್ಟು ಹೊರಬಿದ್ದರೆ ಪಾಸು, ಬೇರೆ ಅಂಕಿ ಕೊಟ್ಟರೆ ಫೇಲು.

ನಮ್ಮ ವರದಿರಾಯನಿಗೆ ಇಂಥ ಬಡತನ ಸೇರುವುದಿಲ್ಲ. ಅವನಿಗೆ ಬಣ್ಣದ ಚಕ್ರ ಬೇಕು, ಕಂಪನಿಯ ಲೋಗೊ ಬೇಕು, ಹಂತಹಂತಕ್ಕೂ ಸ್ಕ್ರೀನ್‌ಶಾಟ್ ಬೇಕು, ಕತ್ತಲೆಯಲ್ಲಿ ಓದುವವರಿಗೆಂದು ಕಪ್ಪು ಹಿನ್ನೆಲೆಯೂ ಬೇಕು. ತಂಗಿಯ ಮದುವೆ ಖರ್ಚನ್ನು ಎಕ್ಸೆಲ್‌ನಲ್ಲಿ ಹಸಿರು ಕೆಂಪು ಮಾಡಿ ಬೀಗರಿಗೂ ಕಳಿಸಿದವನು. “ಊಟ ಆತೇನ?” ಎಂದು ಅವ್ವ ಫೋನಿನಲ್ಲಿ ಕೇಳಿದರೆ “ಪಾಸ್” ಎನ್ನುತ್ತಾನೆ.

ಅವನ ಪ್ರತಾಪವೆಲ್ಲ ಬಯಲಾಗಿದ್ದು ಒಂದು ಕನ್ನಡ ಪುಟದಿಂದ. ತಾಲ್ಲೂಕು ಆರಿಸಿದರೆ ಅಲ್ಲಿನ ಊರುಗಳ ಪಟ್ಟಿ ತೆರೆಯಬೇಕು, ಅಷ್ಟೇ ಪರೀಕ್ಷೆ. ಆದರೆ ಟರ್ಮಿನಲ್‌ನಲ್ಲಿ ಅವನ ಕೋಷ್ಟಕ ಸೊಟ್ಟಗಾಯಿತು. ಆಳಂದ, ಜಿಡಗಾ, ಜೇವರ್ಗಿ ಮೂರೂ ನಮ್ಮ ಕಣ್ಣಿಗೆ ಮೂರಕ್ಷರದ ಹೆಸರುಗಳೇ. ಯುನಿಕೋಡ್ ಲೆಕ್ಕದಲ್ಲಿ ಮಾತ್ರ ಆಳಂದಕ್ಕೆ 4, ಜಿಡಗಾಕ್ಕೆ 5, ಜೇವರ್ಗಿಗೆ 7 ಸಂಕೇತ. ಗುಣಿತದ ಚಿಹ್ನೆ, ಅನುಸ್ವಾರ, ವಿರಾಮ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಆ ಲೆಕ್ಕ ನಂಬಿ ಖಾಲಿ ಜಾಗ ತುಂಬಿದ ಪ್ರೋಗ್ರಾಂ ಒಂದೊಂದು ಗೆರೆಯನ್ನು ಒಂದೊಂದು ಕಡೆ ನಿಲ್ಲಿಸಿತ್ತು. ಅಕ್ಷರ ಎಣಿಸಿ ತಿದ್ದಿದ, ಆದರೂ ಸೊಟ್ಟ. ಕನ್ನಡದ ಅಕ್ಷರಗಳೇನು ಇಂಗ್ಲಿಷಿನವುಗಳಂತೆ ಒಂದೇ ಅಗಲಕ್ಕೆ ಒಗ್ಗಿಕೊಂಡವೇ! ಕೊನೆಗೆ ಟರ್ಮಿನಲ್ಲಿಗೆ ಕೈಮುಗಿದು ಎಚ್‌ಟಿಎಂಎಲ್ ವರದಿಗೆ ಬಂದರೆ, ಸ್ಕ್ರೀನ್‌ಶಾಟ್ ತುಂಬ ಚೌಕ ಡಬ್ಬಿಗಳು. ಸರ್ವರ್‌ನಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಪರೀಕ್ಷೆ ಪಠ್ಯವನ್ನು ಹೋಲಿಸುತ್ತದೆಯೇ ಹೊರತು ಚಿತ್ರವನ್ನಲ್ಲವಾದ್ದರಿಂದ ಡಬ್ಬಿಗಳ ನಡುವೆಯೂ ಎಲ್ಲ ಹಸಿರು! ನೋಟೊ ಫಾಂಟ್ ಹಾಕಿಸಿ, ಅಂಚು ಕತ್ತರಿಸಿ, ನೆರಳು ಕೊಟ್ಟು, ಹಬ್ಬಕ್ಕೆ ಊರಿಗೆ ಬಂದಾಗ ವರದಿಯನ್ನು ಅಪ್ಪನ ಮುಂದೆ ಹಿಡಿದ.

ಅಪ್ಪ ಕನ್ನಡಕ ಏರಿಸಿ ನೋಡಿದವರೇ ಕೇಳಿದರು: “ನಮ್ಮೂರು ಜೇವರ್ಗಿಗಿ ಯಾವಾಗ ಹೋತಪಾ?”

ಜೇವರ್ಗಿ ತಾಲ್ಲೂಕು ಆರಿಸಿದ ಮೇಲೂ ಪಟ್ಟಿಯಲ್ಲಿ ಆಳಂದದ ಊರುಗಳೇ ಕೂತಿದ್ದವು, ಜಿಡಗಾ ಸಮೇತ. ನೆಟ್ ನಿಧಾನವಾದಾಗ ಹೊಸ ಪಟ್ಟಿ ಬರುವ ಮೊದಲೇ ಪರೀಕ್ಷೆ ಹಳೆಯದನ್ನು ಓದಿ ಸೋತಿತ್ತು, ಮರುಪ್ರಯತ್ನದಲ್ಲಿ ಗೆದ್ದಿತ್ತು. ಪ್ಲೇರೈಟ್ ಅಂಥದ್ದನ್ನು ‘ಫ್ಲೇಕಿ’ ಎಂದು ಬೇರೆಯಾಗಿ ಎಣಿಸುತ್ತದೆ, ಆದರೆ ಒಟ್ಟು ಓಟವನ್ನು ಫೇಲು ಮಾಡುವುದಿಲ್ಲ. ವರದಿರಾಯನ ಚಕ್ರದಲ್ಲಿ ಫ್ಲೇಕಿಗೆ ಬಣ್ಣವೇ ಇರಲಿಲ್ಲ. ಹಸಿರಿನ ಅಂದ ಕೆಡುತ್ತದೆಂದು ಅದನ್ನು ಪಾಸಿನೊಳಗೇ ಸೇರಿಸಿಬಿಟ್ಟಿದ್ದ. ಸ್ವಂತ ಊರು ತಾಲ್ಲೂಕು ಬಿಟ್ಟು ಹೋಗಿದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಗೆರೆ ನೇರ ಇದೆಯೇ ಎಂದಷ್ಟೇ ನೋಡಿದ್ದ.

ಆದರೂ ಅವನನ್ನು ಪೂರ್ತಿ ಬೈಯಲು ಬಾಯಿ ಬರುವುದಿಲ್ಲ. ರಾತ್ರಿಯಿಡೀ ಓಡಿದ ಪರೀಕ್ಷೆಯ ಫಲಿತಾಂಶ ಬೆಳಗ್ಗೆ ಮೇಲ್‌ನಲ್ಲಿ ಹೋಗುತ್ತದೆ. ಹಸಿರಿದ್ದರೆ ಯಾರೂ ತೆರೆಯುವುದಿಲ್ಲ, ಕೆಂಪಿದ್ದರೆ ಮೊದಲ ಬೈಗುಳ ಅವನಿಗೇ. ಹಿಂದಿನ ರಾತ್ರಿಯ ನಿದ್ದೆಗೆಟ್ಟ ಕೆಲಸವನ್ನು ಯಾರಾದರೂ ಒಮ್ಮೆ ಕಣ್ಣೆತ್ತಿ ನೋಡಲಿ ಎಂಬ ಆಸೆಗೇ ಅವನು ಬಣ್ಣ ಬಳಿಯುವುದು. ಒಳಗಿನ ಸರಕಿಗಿಂತ ತಲೆಬರಹದ ಮೇಲೆಯೇ ಹೆಚ್ಚು ಹೊತ್ತು ಕೂರುವ ಪತ್ರಿಕೆಯ ಬರಹಗಾರರು ಇದಕ್ಕೆ ನಗದಿದ್ದರೇ ಮರ್ಯಾದೆ.

ಈಗ ಅವನ ವರದಿ ಬದಲಾಗಿದೆ. ಯಾವ ಪುಟ, ಏನು ಕಾಣಬೇಕಿತ್ತು, ಏನು ಕಂಡಿತು, ಎಷ್ಟನೇ ಯತ್ನದಲ್ಲಿ ಗೆದ್ದಿತು ಎಂಬುದು ಮೇಲೆಯೇ ಸಾದಾ ಅಕ್ಷರದಲ್ಲಿ ಬರುತ್ತದೆ. ಚಕ್ರ ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ. ಫ್ಲೇಕಿಗೆ ಅರಿಶಿನ ಬಣ್ಣ ಸಿಕ್ಕಿದೆ. ನಿಮಗೂ ಅವನ ಮೇಲ್ ಬಂದರೆ ಮೊದಲು ಆ ಹಳದಿ ಸಾಲು ಓದಿ, ಓದಿದೆನೆಂದು ಒಂದು ಮಾತು ತಿರುಗಿ ಬರೆಯಿರಿ.