ಎರಡೇ ಸಾಲು ಮೇಷ್ಟ್ರೇ

ಬೆಳಿಗ್ಗೆ ಆರೂವರೆಗೆ ಗೇಟಿನ ಚಿಲಕ ಒಂದು ಸಲ ಸದ್ದು ಮಾಡಿದರೆ ಹಾಲಿನವನು. ಎರಡು ಸಲ ಮಾಡಿದರೆ ಅಡ್ಮಿನ್ ರಾಯರು. ಹಾಲಿನವನು ಪ್ಯಾಕೆಟ್ ಇಟ್ಟು ಹೋಗುತ್ತಾನೆ. ರಾಯರು ಏನನ್ನೂ ಇಟ್ಟು ಹೋಗುವವರಲ್ಲ, ನನ್ನ ಬೆಳಗನ್ನೇ ಎತ್ತಿಕೊಂಡು ಹೋಗುತ್ತಾರೆ. ಕಂಕುಳಲ್ಲಿ ನೀಲಿ ಫೈಲು, ಕುತ್ತಿಗೆಯಲ್ಲಿ ದಾರಕ್ಕೆ ಜೋತುಬಿದ್ದ ಕನ್ನಡಕ, ಪ್ಯಾಂಟಿನ ಜೇಬು ಉಬ್ಬುವ ಹಾಗೆ ಅಳತೆಯ ಟೇಪು. "ಎರಡೇ ಸಾಲು ಮೇಷ್ಟ್ರೇ" ಎನ್ನುತ್ತಲೇ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತುಬಿಡುತ್ತಾರೆ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದ ತಪ್ಪಿಗೆ ನಾನು ಪೆನ್ನು ಹುಡುಕುತ್ತೇನೆ.

ಅಡ್ಮಿನ್ ರಾಯರು ಎನ್ನುವುದು ನಾವಿಟ್ಟ ಹೆಸರು. ಅವರಿಗೂ ಗೊತ್ತು. ಬೇಸರವಿಲ್ಲ, ಒಳಗೊಳಗೆ ಖುಷಿಯೇ ಇರಬೇಕು. ಇಂಥವರು ಬೆಂಗಳೂರಿನಲ್ಲಿ ಬಡಾವಣೆಗೊಬ್ಬರಂತೆ ಇದ್ದಾರೆ, ಹಿಂದೆ ಊರಿಗೊಬ್ಬಳು ಗ್ರಾಮದೇವತೆ ಇದ್ದ ಹಾಗೆ. ಎದುರಿಗೆ ಬಂದರೂ ಭಯ, ನಾಲ್ಕು ದಿನ ಕಾಣದಿದ್ದರೂ ಭಯ. ನಮ್ಮವರು ಒಂದು ಸರ್ಕಾರಿ ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಬಂದದ್ದನ್ನು ಬಂದ ಹಾಗೆ ಒಪ್ಪಿಕೊಳ್ಳುವುದು ಅವರ ಜಾತಕದಲ್ಲಿಲ್ಲ. ರಸ್ತೆಯಲ್ಲಿ ಗುಂಡಿ ಬಿದ್ದರೆ ನಾವೆಲ್ಲ ಬಳಸಿಕೊಂಡು ಹೋಗುತ್ತೇವೆ. ಅವರು ಕುಕ್ಕರಗಾಲಲ್ಲಿ ಕೂತು ಅಳೆಯುತ್ತಾರೆ. "ಎರಡಡಿ ಒಂದಿಂಚು ಅಗಲ, ಏಳಿಂಚು ಆಳ" ಎಂದು ಗುಂಪಿಗೆ ತಿಳಿಸುತ್ತಾರೆ, ಹೆರಿಗೆಯಾದ ಮನೆಯವರು ಮಗುವಿನ ತೂಕ ಹೇಳುವ ಸಡಗರದಲ್ಲಿ.

ಗುಂಪು ಅಂದೆನಲ್ಲ, ಅದು ನಮ್ಮ ಬಡಾವಣೆಯ ವಾಟ್ಸಾಪ್ ಗುಂಪು. 2016ರ ಬೇಸಿಗೆಯಲ್ಲಿ ಮೂರನೇ ಕ್ರಾಸಿನ ಹುಡುಗನೊಬ್ಬ ಶುರು ಮಾಡಿದ್ದು, ಕಾವೇರಿ ನೀರು ಯಾವ ಹೊತ್ತಿಗೆ ಬಿಡುತ್ತಾರೆಂದು ಒಬ್ಬರಿಗೊಬ್ಬರು ತಿಳಿಸಲಿಕ್ಕೆ. ಆಗ ಒಂದು ಗುಂಪಿನಲ್ಲಿ 256 ಜನಕ್ಕಷ್ಟೇ ಜಾಗ. 257ನೆಯವರು ಸೇರಬೇಕಾದರೆ ಬಾಡಿಗೆಯವರು ಯಾರಾದರೂ ಮನೆ ಖಾಲಿ ಮಾಡುವುದನ್ನು ಕಾಯಬೇಕಿತ್ತು. ನೀರಿನ ಸುದ್ದಿ ದಿನಕ್ಕೊಂದು ಬಂದರೆ, ಗುಲಾಬಿ ಹೂವಿನ ಶುಭೋದಯ ಎಪ್ಪತ್ತು ಬರುತ್ತಿದ್ದವು. ಹುಡುಗನಿಗೆ ಹೈದರಾಬಾದಿಗೆ ವರ್ಗವಾಯಿತು. ಹೊರಡುವ ದಿನ ಬೆಳಗಿನ ಐದಕ್ಕೆ ಯಾರು ಎಚ್ಚರವಿದ್ದರೋ ಅವರ ಕೈಗೆ ಗುಂಪಿನ ಬೀಗದ ಕೈ ಕೊಟ್ಟು ಹೋದ. ಎಚ್ಚರವಿದ್ದವರು ರಾಯರು. ಇತಿಹಾಸ ಇಂಥ ಸಣ್ಣ ಅಜಾಗರೂಕತೆಗಳಿಂದಲೇ ಆಗುವುದು.

ಒಂದೇ ವಾರದಲ್ಲಿ ಗುಲಾಬಿಗಳು ಬಾಡಿದವು. ಯಾರಾದರೂ ಶುಭೋದಯ ಎಂದರೆ ಕೆಳಗೆ ರಾಯರ ಉತ್ತರ: "ಉದಯವಾಗಿದೆ. ಬೀದಿ ದೀಪ ಇನ್ನೂ ಉರಿಯುತ್ತಿದೆ. ಕಂಬ 14, ನಿಮ್ಮ ಮನೆ ಮುಂದಿನದೇ. ಫೋನ್ ಮಾಡಿ ದೂರು ಕೊಡಿ." ಯಾರೋ ಪಾಪ ಬೂದು ಬೆಕ್ಕು ಕಳೆದುಹೋಗಿದೆ ಎಂದು ಫೋಟೋ ಹಾಕಿದರೆ, ಬೆಕ್ಕಿನ ಹಿಂದೆ ಕಾಣುವ ಒಡೆದ ಚಪ್ಪಡಿ ಕಲ್ಲನ್ನು ದೊಡ್ಡದು ಮಾಡಿ "ಇದು ಯಾವ ಕ್ರಾಸು?" ಎಂದು ಕೇಳಿದರು. ಬೆಕ್ಕು ಸಿಗಲಿಲ್ಲ. ಚಪ್ಪಡಿ ಹೊಸದು ಬಂತು.

ಅವರ ತಲೆಗೆ ಈ ಗಾಳಿ ಹೊಕ್ಕ ದಿನವೂ ನನಗೆ ನೆನಪಿದೆ, ಯಾಕೆಂದರೆ ಪಕ್ಕದಲ್ಲೇ ನಿಂತಿದ್ದೆ. 2016ರ ಅಕ್ಟೋಬರ್ 16, ಭಾನುವಾರ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟುತ್ತಾರೆ, 812 ಮರ ಕಡಿಯುತ್ತಾರೆ ಎಂದು ಊರೆಲ್ಲ ಗುಲ್ಲೆದ್ದಿತ್ತು. 'ಸ್ಟೀಲ್ ಫ್ಲೈಓವರ್ ಬೇಡ' ಎಂದು ಜನ ಮೊಬೈಲಿನಿಂದ ಬೀದಿಗಿಳಿದು ಮಾನವ ಸರಪಳಿ ಕಟ್ಟಿದರು. ನಮ್ಮ ಗುಂಪಿನಿಂದ ಹೋದವರು ಹನ್ನೊಂದು ಜನ. ನಾನು ಹೋದದ್ದು ಮರದ ಮೇಲಿನ ಪ್ರೀತಿಯಿಂದಲ್ಲ, ಬರುವಾಗ ಮಲ್ಲೇಶ್ವರದಲ್ಲಿ ಬೆಣ್ಣೆ ದೋಸೆ ಎಂದು ರಾಯರು ಒಪ್ಪಿಕೊಂಡಿದ್ದರಿಂದ. ಅವರ ಒಂದು ಕೈ ನನ್ನ ಕೈಯಲ್ಲಿ, ಇನ್ನೊಂದು ಕಿವಿಗೆ ಓಲೆ ಹಾಕಿದ ಕಾಲೇಜು ಹುಡುಗನೊಬ್ಬನ ಕೈಯಲ್ಲಿ. ಬೇರೆ ದಿನವಾಗಿದ್ದರೆ ಅವನ ಬೈಕಿನ ಸೈಲೆನ್ಸರ್ ಬಗ್ಗೆ ದೂರು ಕೊಡುತ್ತಿದ್ದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅಂದಿನಿಂದ ರಾಯರ ಲೆಕ್ಕದಲ್ಲಿ ಆ 812 ಮರಗಳಲ್ಲಿ ಹನ್ನೊಂದಾದರೂ ನಮ್ಮವು. ಅಷ್ಟು ದೊಡ್ಡ ಸೇತುವೆಯನ್ನೇ ನಿಲ್ಲಿಸಿದವರಿಗೆ ನಾಲ್ಕನೇ ಕ್ರಾಸಿನ ಮೋರಿ ಯಾವ ಲೆಕ್ಕ?

ಮೋರಿಯ ಲೆಕ್ಕವೇ ಬೇರೆ ಎಂದು ಆಮೇಲೆ ಗೊತ್ತಾಯಿತು. ಸೇತುವೆಗೆ ಟಿ.ವಿ.ಯವರು ಬರುತ್ತಾರೆ, ಮೋರಿಗೆ ಸೊಳ್ಳೆ ಮಾತ್ರ.

ಮೊದಲ ಪ್ರಯೋಗ ಕಸದ್ದು. ಮೂಲೆಯ ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ರಾತ್ರೋರಾತ್ರಿ ಕಸ ಸುರಿಯುವ ಜಾಗವೊಂದಿತ್ತು. ಪಾಲಿಕೆಯ ಭಾಷೆಯಲ್ಲಿ ಬ್ಲಾಕ್‌ಸ್ಪಾಟ್. ಭಾನುವಾರ ಏಳಕ್ಕೆ ಶ್ರಮದಾನ ಎಂದು ರಾಯರು ಹಾಕಿದರು. ಕೈ ಮುಗಿದ ಚಿತ್ರಗಳು ತೊಂಬತ್ತನಾಲ್ಕು ಬಂದವು. ಭಾನುವಾರ ಕೈಗಳು ಬಂದದ್ದು ಹತ್ತು, ಅಂದರೆ ಐದು ಜನ. ಅವರಲ್ಲೊಬ್ಬರು ನಾಯಿ ಅಡ್ಡಾಡಿಸಲು ಬಂದು ಸಿಕ್ಕಿಬಿದ್ದವರು. ಗುಡಿಸಿ, ತೊಳೆದು, ನನ್ನ ಹೆಂಡತಿಯ ಕೈಯಲ್ಲಿ ಹದಿನೈದು ಚುಕ್ಕಿಯ ರಂಗೋಲಿ ಹಾಕಿಸಿದ್ದಾಯಿತು. ರಂಗೋಲಿಯ ಮೇಲೆ ಯಾರೂ ಕಸ ಹಾಕುವುದಿಲ್ಲ ಎಂದು ರಾಯರ ನಂಬಿಕೆ. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ನಿಜವೇ! ಒಂದು ಎಳೆಯೂ ಅಳಿಸಿರಲಿಲ್ಲ. ಕಸದ ಚೀಲಗಳನ್ನು ರಂಗೋಲಿಯ ಸುತ್ತ, ಅಂಚಿಗೆ ತಾಗದ ಹಾಗೆ, ಆರತಿ ತಟ್ಟೆ ಜೋಡಿಸಿದಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದರು. "ನಮ್ಮವರಿಗೆ ಸಂಸ್ಕಾರ ಇದೆ ಮೇಷ್ಟ್ರೇ" ಎಂದರು ರಾಯರು. ವ್ಯಂಗ್ಯವೋ ಮೆಚ್ಚುಗೆಯೋ ಇವತ್ತಿಗೂ ತಿಳಿದಿಲ್ಲ.

ಗುಂಪಿಗೆ ತೂಕ ಬರಬೇಕಾದರೆ ಸಂಘವಾಗಿ ನೋಂದಣಿಯಾಗಬೇಕು ಎಂದು ಆಮೇಲೆ ಹೊರಟರು. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಇದ್ದರೆ ಸಾಕು. ಇನ್ನೂರೈವತ್ತಾರು ಜನರಲ್ಲಿ ಏಳು ಸಹಿ ಸಿಗಲು ಐದು ತಿಂಗಳು ಹಿಡಿಯಿತು. ಒಬ್ಬರಿಗೆ ವಾಸ್ತುವಿನ ಪ್ರಕಾರ ಆ ತಿಂಗಳು ಸಹಿ ಹಾಕಬಾರದು, ಇನ್ನೊಬ್ಬರ ಮನೆಯ ಮೂರನೆಯ ಮಹಡಿಗೆ ಪ್ಲಾನೇ ಇಲ್ಲ. ನಾನು ಕಾರ್ಯದರ್ಶಿಯಾದದ್ದು ಹೇಗೆಂದರೆ, ಅವತ್ತು ಬೆಲ್ ಮಾಡಿದಾಗ ಬಾಗಿಲು ತೆಗೆದುಬಿಟ್ಟೆ.

ಈಗ ಮೋರಿಯ ಕಥೆಗೆ ಬರುತ್ತೇನೆ. ನಾನು ಅತಿ ಹೆಚ್ಚು ಅನುಭವಿಸಿದ್ದು ಇದರಲ್ಲೇ. ಒಂದು ವರ್ಷ ಮಳೆಗಾಲಕ್ಕೆ ಮುಂಚೆ ನಾಲ್ಕನೇ ಕ್ರಾಸಿನ ಮೋರಿಯ ಹೂಳೆತ್ತಿದರು. ಎತ್ತಿದ ಹೂಳನ್ನು ಮೋರಿಯ ಪಕ್ಕದಲ್ಲೇ ಗುಡ್ಡೆ ಹಾಕಿ ಹೋದರು. ಮೂರನೆಯ ದಿನ ಮಳೆ ಬಂತು, ಹೂಳು ತವರಿಗೆ ವಾಪಸಾಯಿತು. ಮಾರನೆಯ ಬೆಳಿಗ್ಗೆ ಚಿಲಕ ಎರಡು ಸಲ.

"ಹೋದ ವರ್ಷಾನೂ ಇದೇ ಹೂಳು ಮೇಷ್ಟ್ರೇ. ನಂಗೆ ಗುರುತು ಸಿಗತ್ತೆ. ಒಂದೇ ಹೂಳಿಗೆ ಎಷ್ಟು ಸಲ ಬಿಲ್ ಆಗಿದೆ ಅಂತ ಆರ್‌ಟಿಐ ಹಾಕೋಣ. ಎರಡೇ ಸಾಲು."

ನಾನು ಉತ್ಸಾಹದಿಂದಲೇ ಬರೆದೆ. ಒಂದು ಕಾಲದಲ್ಲಿ ಇಲ್ಲಿ ರಾಗಿ ಹೊಲಗಳಿದ್ದವು, ಮಳೆನೀರು ತನ್ನ ಪಾಡಿಗೆ ತಾನು ಕೆರೆ ಸೇರುತ್ತಿತ್ತು ಎಂದು ಪೀಠಿಕೆ ಹಾಕಿ, ಮೂರು ಪುಟಕ್ಕೆ ಮುಗಿಸಿದೆ. ಮುಗಿಸಿ ತಲೆಯೆತ್ತಿದರೆ ರಾಯರು ಪೆನ್ಸಿಲ್ ಹಿಡಿದು ಪದ ಎಣಿಸುತ್ತಿದ್ದಾರೆ. ಅವತ್ತೇ ನನಗೆ ತಿಳಿದದ್ದು: ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಸಾಮಾನ್ಯವಾಗಿ 150 ಪದ ಮೀರುವ ಹಾಗಿಲ್ಲ, ಒಂದೇ ವಿಷಯ ಇರಬೇಕು. 2008ರಿಂದ ಹೀಗೆ ನಿಯಮ. ಮುನ್ನೂರು ಪದದಲ್ಲಿ ಶುಭಾಶಯ ಹೇಳುವ ನಾಡಿನಲ್ಲಿ ಅದರ ಅರ್ಧದಲ್ಲಿ ಸರ್ಕಾರವನ್ನು ಪ್ರಶ್ನಿಸಬೇಕು!

"ನಾನೂರ ಮೂವತ್ತೊಂದು" ಎಂದರು ರಾಯರು. ರಾಗಿ ಹೊಲ ಹೋಯಿತು, ಕೆರೆ ಹೋಯಿತು. 'ಸನ್ಮಾನ್ಯ' ಹೋಯಿತು. 'ದಯವಿಟ್ಟು' ಎಂಬುದು ಏಳು ಕಡೆ ಇತ್ತು, ಏಳಕ್ಕೂ ಗೆರೆ ಎಳೆದರು. ನಾನು ತಡೆದೆ. ಮರ್ಯಾದೆ ಅನ್ನುವುದು ಬೇಡವೇ?

"ಮಾಹಿತಿ ಹಕ್ಕು ಮೇಷ್ಟ್ರೇ, ಮಾಹಿತಿ ದಯೆ ಅಲ್ಲ."

ಎಷ್ಟು ಕಡಿದರೂ ನೂರ ಎಪ್ಪತ್ತೆಂಟಕ್ಕೆ ನಿಂತಿತು. ಆಗ ಅವರ ಕಣ್ಣು ಮಿನುಗಿತು. "ಎರಡು ಪದ ಸೇರಿಸಿದ್ರೆ ಒಂದೇ ಪದ ಆಗತ್ತಲ್ವಾ? ಅದೇನೋ ಹೇಳಿಕೊಡ್ತಿದ್ರಲ್ಲ ನೀವು ಸ್ಕೂಲಲ್ಲಿ?" ಸಮಾಸ! ಮೂವತ್ತೊಂದು ವರ್ಷ 'ಇದರಿಂದ ಏನು ಪ್ರಯೋಜನ ಸಾರ್' ಎಂದು ಕೇಳಿದ ಅಷ್ಟೂ ಹುಡುಗರಿಗೆ ಉತ್ತರ ನನ್ನ ವರಾಂಡದಲ್ಲೇ ಕೂತಿತ್ತು. ಸುಳ್ಳು ಹೇಳುವುದಿಲ್ಲ, ನನಗೂ ಹುರುಪು ಬಂತು. 'ಮೋರಿಯ ಹೂಳನ್ನು ಎತ್ತುವ ಕಾಮಗಾರಿಯ ಬಿಲ್ಲಿನ ನಕಲು' ಎಂಬ ಆರು ಪದ 'ಮೋರಿಹೂಳೆತ್ತುಕಾಮಗಾರಿಬಿಲ್‌ನಕಲು' ಎಂಬ ಒಂದೇ ಪದವಾಯಿತು. ಬರೆದು ನೋಡಿದ ಮೇಲೆ ಎದೆ ಝಲ್ಲೆಂದಿತು.

"ರಾಯರೇ, ಇದು ಅರಿಸಮಾಸ. ಕೇಶಿರಾಜ ಒಪ್ಪಲ್ಲ."

ರಾಯರು ಫೈಲು ತೆರೆದು ಪೆನ್ನಿನ ಮುಚ್ಚಳ ತೆಗೆದರು. "ಯಾವ ಸಬ್‌ಡಿವಿಷನ್ನು ಅವರದು?"

ಒಂಬತ್ತಕ್ಕೆ ಲೆಕ್ಕ ಸರಿಯಾಗಿ ನೂರೈವತ್ತಾಯಿತು. ಒಳಗೆ ಉಪ್ಪಿಟ್ಟು ಆರಿ ಕಲ್ಲಾಗಿತ್ತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕಳಿಸಿದೆವು. ಮೂವತ್ತು ದಿನದ ಗಡುವು, ಇಪ್ಪತ್ತೊಂಬತ್ತನೆಯ ದಿನ ಉತ್ತರ ಬಂತು: "ಕೋರಿದ ಮಾಹಿತಿಯು ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ರಾಯರು ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಅದನ್ನು ಬೆಳಕಿಗೆ ಹಿಡಿದು ಎಣಿಸಿದರು. "ನಾಲ್ಕೇ ಪದ ಮೇಷ್ಟ್ರೇ. ಕಲೀಬೇಕು ಇವರಿಂದ."

ಮೇಲ್ಮನವಿ ಹೋಯಿತು. ಪುಟಕ್ಕೆ ಎರಡು ರೂಪಾಯಿಯಂತೆ ಮೂವತ್ನಾಲ್ಕು ರೂಪಾಯಿ ಕಟ್ಟಿದ ಮೇಲೆ ಅಳತೆ ಪುಸ್ತಕದ ಹದಿನೇಳು ಪುಟ ಬಂದವು. ರಾಯರು ಅದನ್ನು ಗರುಡಪುರಾಣ ಓದುವ ಶ್ರದ್ಧೆಯಿಂದ ಓದಿ, ಹನ್ನೆರಡನೆಯ ಪುಟದಲ್ಲಿ ಬೆರಳಿಟ್ಟರು. ತೆಗೆದ ಹೂಳಿನ ಆಳ ಮೂರು ಅಡಿ ಎಂದಿತ್ತು. ಜೇಬಿನಿಂದ ಟೇಪು ತೆಗೆದು ನನ್ನ ಕೈ ಹಿಡಿದು ನಾಲ್ಕನೇ ಕ್ರಾಸಿಗೆ ಎಳೆದುಕೊಂಡು ಹೋದರು. ಮೋರಿಯ ಆಳವೇ ಎರಡಡಿ. ಆ ಫೋಟೋವನ್ನೂ ಆ ಪುಟವನ್ನೂ ಒಂದೇ ಹಾಳೆಯಲ್ಲಿ ಅಂಟಿಸಿ ತಿಂಗಳ ಮೊದಲ ಶನಿವಾರದ ವಾರ್ಡ್ ಸಮಿತಿ ಸಭೆಗೆ ಒಯ್ದರು. ಏನೂ ಮಾತಾಡಲಿಲ್ಲವಂತೆ, ಮೇಜಿನ ಮೇಲಿಟ್ಟು ಕೂತರಂತೆ. ಮಂಗಳವಾರ ಟ್ರ್ಯಾಕ್ಟರ್ ಬಂದು ಹೂಳು ತುಂಬಿಕೊಂಡು ಹೋಯಿತು. ಗುಂಪಿನಲ್ಲಿ ಅರವತ್ತೊಂದು ಹೆಬ್ಬೆಟ್ಟು ಬಿದ್ದವು. ಒಬ್ಬರು ಮಾತ್ರ ಕೇಳಿದರು, "ಯಾವ ಮೋರಿ?"

ಬೈಯುವುದಕ್ಕೆ ಕೂತವನು ಹೊಗಳುತ್ತಿದ್ದೇನೆಯೇ? ಇಲ್ಲ. ಅವರ ಕಾಟ ಕಾಟವೇ. ನನ್ನ ಮಗಳ ಮದುವೆಯ ಆರತಕ್ಷತೆಯಲ್ಲಿ ಸಾಲಿನಲ್ಲಿ ನಿಂತು ಬಂದು, ಅಳಿಯನ ಕೈ ಕುಲುಕುತ್ತಾ ಅವನ ಬಡಾವಣೆಯ ಒಳಚರಂಡಿಯ ಬಗ್ಗೆ ವಿಚಾರಿಸಿದವರು. ಎಂಜಿನಿಯರುಗಳ ವರ್ಗಾವಣೆ ಅವರಿಗೆ ತಿಳಿದಷ್ಟು ಎಂಜಿನಿಯರುಗಳ ಹೆಂಡತಿಯರಿಗೂ ತಿಳಿದಿರುವುದಿಲ್ಲ. ಸ್ವಂತ ಮನೆಯ ನಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿದೆ, ಆ ಮಾತು ಅವರ ಶ್ರೀಮತಿಯವರನ್ನು ಕೇಳಬೇಕು.

ಅವರು ಮಂಕಾದದ್ದನ್ನು ನಾನು ನೋಡಿದ್ದು ಮೋರಿಯ ವಿಷಯದಲ್ಲಲ್ಲ. 2020ರ ಸೆಪ್ಟೆಂಬರ್ 10ಕ್ಕೆ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಚುನಾವಣೆ ಇವತ್ತು ನಾಳೆ ಎಂದು ಕಾದರು. ಐದು ವರ್ಷ ಕಾದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ರಾಯರ ಫೈಲಿನಲ್ಲಿದ್ದ ಅಚ್ಚು ಹಾಕಿಸಿದ ವಿಳಾಸದ ಚೀಟಿಗಳೆಲ್ಲ ಒಂದೇ ದಿನಕ್ಕೆ ರದ್ದಿ. ಅವುಗಳ ಹಿಂಬದಿಯಲ್ಲಿ ಈಗ ಶ್ರೀಮತಿಯವರು ದಿನಸಿ ಪಟ್ಟಿ ಬರೆಯುತ್ತಾರೆ. "ಅವನ ಹತ್ರ ಎಷ್ಟು ಜಗಳ ಆಡಿದೀನಿ ಮೇಷ್ಟ್ರೇ" ಎಂದರು ಒಂದು ಸಂಜೆ, ಹಳೆಯ ಕಾರ್ಪೊರೇಟರ್ ನೆನಪಾಗಿ. "ಅರ್ಧ ರಾತ್ರೀಲಿ ಫೋನ್ ಮಾಡಿದ್ರೂ ಎತ್ತೋನು. ಎತ್ತಿ ಬೈಯೋನು. ಈಗ ಬೈಯೋಕೂ ಯಾರಿಲ್ಲ." ಹೇಳಿ ಬಹಳ ಹೊತ್ತು ಟೇಪನ್ನು ಎಳೆಯುತ್ತಾ ಬಿಡುತ್ತಾ ಕೂತಿದ್ದರು. ಅದು ಪ್ರತಿ ಸಲವೂ ಚಟ್ಟೆಂದು ಒಳಗೆ ಹೋಗುತ್ತಿತ್ತು.

ಹೋದ ತಿಂಗಳು ಅವರಿಗೆ ಮಂಡಿಚಿಪ್ಪಿನ ಆಪರೇಷನ್. ಗುಂಡಿ ಅಳೆಯಲು ಕೂತೂ ಎದ್ದೂ ಸವೆದದ್ದೆಂದು ನನ್ನ ಗುಮಾನಿ. ಎರಡೇ ದಿನದಲ್ಲಿ ಗುಂಪಿಗೆ ಗುಲಾಬಿಗಳು ವಾಪಸು ಬಂದವು. ಅದೇ ವಾರ, ಡಾಂಬರು ಹಾಕಿ ಇನ್ನೂ ಬಿಸಿ ಆರದ ನಮ್ಮ ರಸ್ತೆಯನ್ನು ಯಾರೋ ಕೇಬಲ್ಲಿಗೆಂದು ಉದ್ದಕ್ಕೂ ಅಗೆದು ಹಾಗೇ ಬಿಟ್ಟು ಹೋದರು. "ಯಾರಾದರೂ ಕಂಪ್ಲೇಂಟ್ ಮಾಡಿ" ಎಂದು ಇಪ್ಪತ್ಮೂರು ಜನ ಬರೆದರು. ನಾನು ಇಪ್ಪತ್ನಾಲ್ಕನೆಯವನಾಗಿ ಬರೆಯಲು ಹೋಗಿ, ನಾಚಿಕೆಯಾಗಿ ಅಳಿಸಿದೆ.

ರಾತ್ರಿ ಊಟವಾದ ಮೇಲೆ ಹೆಂಡತಿಯ ಹೊಲಿಗೆ ಟೇಪು, ಟಾರ್ಚು ಹಿಡಿದು ಹೋದೆ. ಹೊಲಿಗೆ ಟೇಪು ಬರೇ ಐದಡಿ. ಅಗೆತ ಮನೆಯಿಂದ ಮನೆಗೆ ಸಾಗಿತ್ತು. ಬೆರಳಲ್ಲಿ ಗುರುತು ಹಿಡಿದು, ಜರುಗಿ, ಮತ್ತೆ ಗುರುತು ಹಿಡಿದು ಅಳೆಯುತ್ತಾ ಹೋದೆ. ಎದುರು ಮನೆಯ ಸಾಫ್ಟ್‌ವೇರ್ ಹುಡುಗಿ ಬಾಲ್ಕನಿಯಿಂದ, "ಅಂಕಲ್, ಏನಾದ್ರೂ ಬಿದ್ದುಹೋಯ್ತಾ?" ಎಂದಳು. ಮನೆಗೆ ಬಂದು ಬರೆದೆ. ಪೀಠಿಕೆ ಹಾಕಲಿಲ್ಲ. ಹನ್ನೊಂದು ಗಂಟೆಗೆ ಹಾಳೆಯ ಫೋಟೋ ತೆಗೆದು ಆಸ್ಪತ್ರೆಗೆ ಕಳಿಸಿದೆ. ಮಲಗಿರುತ್ತಾರೆ, ಬೆಳಿಗ್ಗೆ ನೋಡಲಿ ಎಂದುಕೊಂಡು ದೀಪ ಆರಿಸುವಷ್ಟರಲ್ಲಿ ಫೋನು ಮಿನುಗಿತು.

"152 ಇದೆ. ದಯವಿಟ್ಟು ಎರಡು ಕಡೆ ಹಾಕಿದ್ದೀರಿ."